ಹೊರೆ ಯಾರದು?

ನಮ್ಮ ಕಡೆ ನೌಕರಿಯಲ್ಲಿರುವ ಮನುಷ್ಯನಿಗೆ ಜನ ಕೇಳುವ ಪ್ರಶ್ನೆಗಳು ಮೂರು. ಮದುವೆ ಯಾವಾಗ ಎಂಬುದು ಮೊದಲನೆಯದು. ಮನೆ ಯಾವಾಗ ಕಟ್ಟಿಸುತ್ತೀರಿ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಕೊಟ್ಟು ಮುಗಿಸಿದೆ, ಇನ್ನು ನೆಮ್ಮದಿಯಾಗಿರಬಹುದು ಎಂದುಕೊಳ್ಳುವಷ್ಟರಲ್ಲಿ ಮೂರನೆಯದು ಎದುರಿಗೆ ಬಂದು ನಿಂತಿತು: "ಸರ, ಕಾರು ಯಾವಾಗ ತಗೋತೀರಿ?"

ಹಾನಗಲ್ಲಿನಲ್ಲಿ ಕನ್ನಡ ಕಲಿಸುತ್ತ ನನಗೆ ಹದಿನೆಂಟು ವರ್ಷಗಳಾದವು. ಈ ಪ್ರಶ್ನೆಯನ್ನು ಕಾಲೇಜಿನ ಸಿಪಾಯಿ ಕೇಳಿದ್ದಾನೆ, ಕಿರಾಣಿ ಅಂಗಡಿಯವರು ಕೇಳಿದ್ದಾರೆ, ಹಿರೇಕೆರೂರಿನಲ್ಲಿರುವ ನನ್ನ ಹೆಂಡತಿಯ ಅಣ್ಣನಂತೂ ಹಬ್ಬಕ್ಕೊಮ್ಮೆ ತಪ್ಪದೆ ಕೇಳುತ್ತಾನೆ. ಕೇಳುವವರಲ್ಲಿ ಕುಹಕವಿಲ್ಲ. ಅವರ ಲೆಕ್ಕದಲ್ಲಿ ನನಗೆ ಏನೋ ಒಂದು ಆಗಬೇಕಾದದ್ದು ಆಗದೆ ಉಳಿದಿದೆ. ಜ್ವರದಲ್ಲಿ ಮಲಗಿದವನನ್ನು ವಿಚಾರಿಸುವ ಕಳಕಳಿಯೇ ಆ ದನಿಯಲ್ಲಿಯೂ ಇದೆ.

ನಮ್ಮ ಹಾನಗಲ್ಲು ಮಹಾಭಾರತದ ವಿರಾಟನಗರವೆಂದು ಊರವರ ನಂಬುಗೆ. ಶಾಸನಗಳೂ ಈ ಹೆಸರನ್ನು ಬಲ್ಲವು. ಪಾಂಡವರು ಅಜ್ಞಾತವಾಸಕ್ಕೆಂದು ಬಂದದ್ದು ಇಲ್ಲಿಗೇ ಅಂತೆ. ಹಾಗೆ ಬರುವ ಮೊದಲು ಅವರು ಆಯುಧಗಳನ್ನು ಬನ್ನಿಯ ಮರಕ್ಕೇರಿಸಿದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ರಥಗಳನ್ನು ಏನು ಮಾಡಿದರು ಎಂಬುದನ್ನು ಬಹಳ ಜನ ಕೇಳಿಕೊಂಡಿಲ್ಲ. ವ್ಯಾಸಭಾರತದ ಪ್ರಕಾರ ಅವನ್ನು ಇಂದ್ರಸೇನ ಮೊದಲಾದವರೊಡನೆ ದ್ವಾರಕೆಗೆ ಕಳುಹಿಸಿಬಿಟ್ಟರು. ಗುರುತು ಸಿಗದಂತೆ ಇರಬೇಕಾದರೆ ಮೊದಲು ರಥ ಬಿಡಬೇಕು! ಈ ಸೂಕ್ಷ್ಮ ಅಂದಿನವರಿಗೂ ತಿಳಿದಿತ್ತು. ರಥವಿಲ್ಲದ ಅರ್ಜುನ ಅರ್ಜುನನೆನಿಸಲಿಲ್ಲ. ಕಾರಿಲ್ಲದ ಉಪನ್ಯಾಸಕನೂ ಇಂದಿನ ವಿರಾಟನಗರದಲ್ಲಿ ಅಜ್ಞಾತವಾಸಿಯೇ. ವ್ಯತ್ಯಾಸವಿಷ್ಟೆ: ಪಾಂಡವರದು ಒಂದು ವರ್ಷಕ್ಕೆ ಮುಗಿಯಿತು.

ಕಳೆದ ವರ್ಷ ಆ ಪ್ರಶ್ನೆಗೆ ನಾನು ಒಂದು ಉತ್ತರ ಕೊಟ್ಟೆ. ಕೇಳಿದವರು ಬಯಸಿದ ಉತ್ತರ ಅದಲ್ಲ. ಹಳೆಯ ಗಟ್ಟಿಮುಟ್ಟಾದ ಒಂದು ಸೈಕಲ್ಲನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಹಿಂಭಾಗವನ್ನು ಉದ್ದ ಮಾಡಿಸಿ, ಒಬ್ಬರು ಕೂಡ್ರುವಷ್ಟು ಅಥವಾ ಒಂದು ಚೀಲ ಅಕ್ಕಿ ಇಡುವಷ್ಟು ಅಗಲದ ಕ್ಯಾರಿಯರು ಹಾಕಿಸಿದೆ. ಹಿಂದಿನ ಗಾಲಿಯ ನಡುವೆ ಒಂದು ಸಣ್ಣ ಮೋಟಾರು. ಸೀಟಿನ ಕೆಳಗೆ ಇಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಬ್ಯಾಟರಿ. ಮೋಟಾರಿನ ಶಕ್ತಿ 250 ವ್ಯಾಟ್. ವೇಗ ಗಂಟೆಗೆ 25 ಕಿಲೋಮೀಟರು ಮೀರದು. ಆ ಮಿತಿಯೊಳಗಿದ್ದರೆ ನಮ್ಮ ಕಾಯಿದೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ, ನೋಂದಣಿಯಿಲ್ಲ, ಲೈಸೆನ್ಸಿಲ್ಲ. ರಾತ್ರಿ ಬ್ಯಾಟರಿಗೆ ಅರ್ಧ ಯುನಿಟ್ಟು ವಿದ್ಯುತ್ತು ಉಣಿಸಿದರೆ, ನಾನೂ ಕಾಲು ಆಡಿಸುತ್ತಿದ್ದಲ್ಲಿ, ಮೂವತ್ತು ಮೂವತ್ತೈದು ಕಿಲೋಮೀಟರು ಸಾಗುತ್ತದೆ. ಇದರ ಮೇಲೆ ಮಗಳು ಸಾಲೆಗೆ ಹೋಗುತ್ತಾಳೆ, ಜೋಳ ಗಿರಣಿಗೆ ಹೋಗುತ್ತದೆ, ಸಂತೆಯ ಕಾಯಿಪಲ್ಲೆ ಮನೆಗೆ ಬರುತ್ತದೆ, ತುಂಬಿದ ಗ್ಯಾಸಿನ ಸಿಲಿಂಡರೂ ಬರುತ್ತದೆ. ಊರ ಹುಡುಗರು ಇದಕ್ಕೆ "ಮಾಸ್ತರ ಚಕ್ಕಡಿ" ಎಂದು ಹೆಸರಿಟ್ಟಿದ್ದಾರೆ. ಮೊದಲ ವಾರ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಣ್ಣಾ, ಅಂಗಡಿ ಇಡಾಕ ಬಂದಿ ಏನು? ಇಲ್ಲಿ ಜಾಗಾ ಇಲ್ಲ ನೋಡು" ಎಂದಳು. ಹದಿನೆಂಟು ವರ್ಷದ ಉಪನ್ಯಾಸಕತ್ವ ಒಂದು ಕ್ಯಾರಿಯರಿನ ಹೊಡೆತಕ್ಕೆ ಉದುರಿಹೋಯಿತು!

ಇದೆಲ್ಲ ಸರಿ, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಒಬ್ಬ ಕಾರು ಕೊಳ್ಳುತ್ತಾನೆ, ಇನ್ನೊಬ್ಬ ಸೈಕಲ್ಲಿಗೆ ಮೋಟಾರು ಕಟ್ಟುತ್ತಾನೆ. ಅವರವರ ರೊಕ್ಕ, ಅವರವರ ರುಚಿ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಹೊರೆ ಹೊತ್ತು ನಾಲ್ಕು ದಿನ ಓಡಾಡಿದವನಿಗೆ ಹೊರೆಯ ವಿಚಾರ ತಾನಾಗಿ ತಲೆಗೇರುತ್ತದೆ.

ನಮ್ಮ ಹಿರಿಯರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ದಿನವೂ ತಪ್ಪದೆ ಮಾಡತಕ್ಕದ್ದು ನಿತ್ಯ. ಒಂದು ಕಾರಣ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ಬಯಕೆ ಹುಟ್ಟಿದಾಗ ಮಾಡುವುದು ಕಾಮ್ಯ. ಅವರು ಇದನ್ನು ಹೇಳಿದ್ದು ವಿಧಿಗಳನ್ನು ಕುರಿತು. ಆದರೆ ವಾಹನಗಳಿಗೂ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಹಾನಗಲ್ಲಾಗಲಿ ಸವಣೂರಾಗಲಿ, ಶಿಗ್ಗಾಂವಿಯಾಗಲಿ ಹಿರೇಕೆರೂರಾಗಲಿ, ತಾಲೂಕಿನ ಊರುಗಳು. ಒಂದು ತುದಿಯಿಂದ ಹೊರಟವನು ಬೀಡಿ ಸೇದಿ ಮುಗಿಸಿ ಇನ್ನೊಂದು ಹಚ್ಚುವಷ್ಟರಲ್ಲಿ ಮತ್ತೊಂದು ತುದಿ ಮುಟ್ಟಬಹುದು. ಇಲ್ಲಿ ನಮ್ಮ ನಿತ್ಯದ ಓಡಾಟ ಎಷ್ಟು? ಕಾಲೇಜು, ಸಾಲೆ, ಗಿರಣಿ, ಸಂತೆ, ಬ್ಯಾಂಕು, ನಾಲ್ಕಾರು ಕಿಲೋಮೀಟರು. ಬೀಗರೂರಿನ ಲಗ್ನ, ರಾತ್ರಿಯ ರೋಗ, ದೂರದ ಪ್ರಯಾಣ, ಇವು ನೈಮಿತ್ತಿಕ. ಮನೆಯ ಮುಂದೆ ಹೊಳೆಯುವ ಕಾರೊಂದು ನಿಂತಿರಲಿ ಎಂಬುದು ಶುದ್ಧ ಕಾಮ್ಯ. ನಾವು ಮಾಡುವುದೇನು? ಕಾಮ್ಯಕ್ಕೆ ನೈಮಿತ್ತಿಕದ ಹೆಸರು ಕೊಟ್ಟು ಸಾಲ ತೆಗೆಯುತ್ತೇವೆ; ಸಾಲ ತೆಗೆದಾದ ಮೇಲೆ, ಸುಮ್ಮನೆ ನಿಲ್ಲಿಸಿದರೆ ಹಾಳು ಎಂದು, ಅದನ್ನೇ ನಿತ್ಯವಾಗಿಸುತ್ತೇವೆ. ಹಿಂದೆ ಉಪ್ಪು ತರುವುದಕ್ಕೆಂದು ಯಾರಾದರೂ ಎತ್ತು ಕಟ್ಟಿ ಚಕ್ಕಡಿ ಹೂಡುತ್ತಿದ್ದರೆ? ಹೂಡಿದ್ದರೆ ಓಣಿಯೆಲ್ಲ ನಗುತ್ತಿತ್ತು.

ಸಣ್ಣ ಕಾರೆಂದರೂ ಏಳೆಂಟು ನೂರು ಕಿಲೊ ತೂಕ. ನನ್ನ ತೂಕ ಅರವತ್ತೆಂಟು. ಎರಡು ಕಿಲೊ ಬದನೆಕಾಯಿ ತರಲು ನಾನು ಕಾರಿನಲ್ಲಿ ಹೋದರೆ, ಹೊತ್ತಿಸಿದ ಎಣ್ಣೆಯ ಬಹುಪಾಲು ಕಬ್ಬಿಣವನ್ನು ಸಂತೆಗೆ ಒಯ್ದು ಕಬ್ಬಿಣವನ್ನು ಮನೆಗೆ ತರುವುದರಲ್ಲಿ ಹೋಯಿತು. ಬದನೆಕಾಯಿಗೆ ಸಂದದ್ದು ಲೆಕ್ಕಕ್ಕೂ ಸಿಗದು. ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ ಪ್ರಕಟವಾದ ತನ್ನ ಒಂದು ಸಣ್ಣ ಪುಸ್ತಕದಲ್ಲಿ ಇಂಥದೇ ಒಂದು ಲೆಕ್ಕ ಹಾಕಿದ್ದಾನೆ. ಅಮೆರಿಕದ ಸಾಮಾನ್ಯ ಮನುಷ್ಯ ಕಾರಿನಲ್ಲಿ ಕೂಡ್ರುವುದಕ್ಕೆ, ನಿಲ್ಲಿಸುವ ಜಾಗ ಹುಡುಕುವುದಕ್ಕೆ, ಅದರ ಕಂತು, ಎಣ್ಣೆ, ವಿಮೆಗಳಿಗಾಗಿ ದುಡಿಯುವುದಕ್ಕೆ ವರ್ಷದಲ್ಲಿ 1,600 ಗಂಟೆ ಕಳೆಯುತ್ತಾನೆ. ಪ್ರತಿಯಾಗಿ 7,500 ಮೈಲಿ ಸಾಗುತ್ತಾನೆ. ಭಾಗಿಸಿ ನೋಡಿದರೆ ಗಂಟೆಗೆ ಐದು ಮೈಲಿಯೂ ಬೀಳದು. ಈ ವೇಗದಲ್ಲಿ ನಮ್ಮ ಓಣಿಯ ಹಿರಿಯರು ಮುಂಜಾನೆ ಆನೆಕೆರೆಯ ದಂಡೆಗೆ ನಡೆದು ಬರುತ್ತಾರೆ, ಕಂತು ಕಟ್ಟದೆ!

ಆದರೆ ಲೆಕ್ಕದಲ್ಲಿ ಗೆದ್ದವನು ನೀತಿಯಲ್ಲಿಯೂ ಗೆದ್ದನೆಂದು ತಿಳಿಯಬಾರದು. ನನ್ನ ಗಣಿತದ ಸಹೋದ್ಯೋಗಿಯೊಬ್ಬರು ನನ್ನನ್ನು ಸರಿಯಾಗಿಯೇ ಹಿಡಿದರು. "ಸರ, ಹೊರೆ ತಾನೇ ಹೊರಬೇಕು ಅಂತೀರಿ, ಮತ್ತ ಮೋಟಾರ ಯಾಕ? ತುಳೀರಿ!" ಎಂದರು. ಪುಣ್ಯವಿರುವುದು ಬೆವರಿನಲ್ಲಾದರೆ ಮೋಟಾರು ಆ ಪುಣ್ಯವನ್ನು ಕದ್ದಂತೆಯೇ ಸರಿ. ನಾನು ಒಂದು ವಾರ ಇದನ್ನೇ ಯೋಚಿಸಿದೆ. ಬೆವರು ಗುರಿಯಲ್ಲ. ದೇಹವನ್ನು ದಂಡಿಸಿ ಅದನ್ನೇ ಸಾಧನೆಯೆಂದು ತೋರಿಸಿಕೊಳ್ಳುವುದೂ ಒಂದು ಬಗೆಯ ಕಾಮ್ಯ. ನನ್ನ ವಯಸ್ಸು ನಲವತ್ತಾರು. ಮೂವತ್ತು ಕಿಲೊ ತೂಗುವ ಸಿಲಿಂಡರನ್ನೂ ಹನ್ನೊಂದು ವರ್ಷದ ಮಗಳನ್ನೂ ಬರಿಯ ಕಾಲಿನಿಂದ ಏರುದಾರಿಯಲ್ಲಿ ತುಳಿಯಲಾರೆ. ತುಳಿಯಲಾರದವನು ಎಂಟು ನೂರು ಕಿಲೊ ಕಬ್ಬಿಣವನ್ನೇ ಏರಬೇಕೆ? ನಡುವೆ ಒಂದು ದಾರಿ ಇರಬಾರದೆ? ಈ ಮೋಟಾರಿನ ಗುಣ ನನಗೆ ಹಿಡಿಸಿದ್ದು ಅಲ್ಲಿಯೇ. ಅದು ನನ್ನ ಕೆಲಸವನ್ನೆಲ್ಲ ತಾನು ಕಸಿದುಕೊಳ್ಳುವುದಿಲ್ಲ. ಚೀಲವನ್ನು ತಲೆಗೆ ಏರಿಸುವಾಗ ದಾರಿಹೋಕನೊಬ್ಬ ಒಂದು ಕೈ ಕೊಡುತ್ತಾನಲ್ಲವೆ? ಏರಿಸಿ ಅವನು ತನ್ನ ದಾರಿ ಹಿಡಿಯುತ್ತಾನೆ, ನಡೆಯುವವನು ನಾನೇ. ಅಷ್ಟರ ಮಟ್ಟಿನ ಸಹಾಯ ಅದು.

ಸಹಾಯವೆಂದ ಮೇಲೆ ಸಹಾಯ ಮಾಡಿದವರು ಯಾರೆಂದು ಕೇಳಬೇಕು. ಅರ್ಧ ಯುನಿಟ್ಟು ವಿದ್ಯುತ್ತು ಗೋಡೆಯಿಂದ ಹುಟ್ಟುವುದಿಲ್ಲ. ಅದರ ಒಂದು ಹನಿ ರಾಯಚೂರಿನ ಶಕ್ತಿನಗರದಲ್ಲಿ ಸುಡುವ ಕಲ್ಲಿದ್ದಲಿನದು. ಇನ್ನೊಂದು ಹನಿ ಶರಾವತಿಯದು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ಮನೆಮಾರು ಬಿಟ್ಟು ಎದ್ದು ಹೋದರು. ಅವರ ಮಕ್ಕಳು ಮೊಮ್ಮಕ್ಕಳು ಜಮೀನಿನ ಹಕ್ಕಿಗಾಗಿ ಕಚೇರಿಗಳನ್ನು ಸುತ್ತುತ್ತ ಬಂದಿದ್ದಾರೆ. ಬ್ಯಾಟರಿಯ ಲಿಥಿಯಂ ಆಸ್ಟ್ರೇಲಿಯದ ಗಣಿಯಿಂದಲೋ ಚಿಲಿಯ ಉಪ್ಪಿನ ಬಯಲಿನಿಂದಲೋ ಬಂದದ್ದು. ನಾನು ಹೊಗೆಯಿಲ್ಲದೆ ಸಂತೆಗೆ ಹೋಗುತ್ತೇನೆ, ನಿಜ. ಹೊರೆಯಿಲ್ಲದೆ ಹೋಗುತ್ತೇನೆಂದರೆ ಸುಳ್ಳು. ಹೊರೆ ಎಲ್ಲಿಯೂ ಮಾಯವಾಗುವುದಿಲ್ಲ, ಹೆಗಲು ಬದಲಾಯಿಸುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ನಾನು ನಿರ್ದೋಷಿಯೆ ಎಂಬುದಲ್ಲ; ಕಾಣದ ಹೆಗಲುಗಳ ಮೇಲೆ ನಾನು ಏರಿಸುವ ಭಾರ ನನ್ನ ಅಗತ್ಯದಷ್ಟೇ ಇದೆಯೆ ಎಂಬುದು. ಒಂದು ವಿದ್ಯುತ್ ಕಾರಿನ ಬ್ಯಾಟರಿಯ ಸಾಮಾನಿನಲ್ಲಿ ನನ್ನಂಥ ಐವತ್ತು ಅರವತ್ತು ಸೈಕಲ್ಲುಗಳಿಗೆ ಬ್ಯಾಟರಿ ಮಾಡಬಹುದು. ತಪ್ಪೇ ಇಲ್ಲದ ದಾರಿ ಸಿಗದಿದ್ದಾಗ ಕಡಿಮೆ ತಪ್ಪಿನ ದಾರಿ ಹಿಡಿಯುವುದೂ ಒಂದು ನೀತಿ. ಅದರಲ್ಲಿ ಹೆಮ್ಮೆ ಪಡುವಂಥದೇನಿಲ್ಲ, ಅಷ್ಟೆ.

ಹೆಮ್ಮೆ ಪಡದಿರಲು ನನಗೆ ಇನ್ನೂ ಒಂದು ಕಾರಣವುಂಟು. ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ, ನಮ್ಮಲ್ಲಿಗೆ ಬಂದಿದ್ದ ಅವ್ವನಿಗೆ ಎದೆ ಹಿಡಿದುಕೊಂಡಿತು. ನಾನು ಗಾಬರಿಯಿಂದ ಬಾಗಿಲು ತೆರೆದು ನಿಂತಿದ್ದೆ. ಎದುರು ಮನೆಯವರು ದೀಪ ಕಂಡು ಹೊರಗೆ ಬಂದರು, ಏನು ಎತ್ತ ಎಂದು ಕೇಳುವ ಮೊದಲೇ ಕಾರು ತೆಗೆದರು. ಅದು ಅವರು ಸಾಲ ಮಾಡಿ ಕೊಂಡ ಕಾರು. ಅದನ್ನು ಕುರಿತು ನಾನು ಮನೆಯೊಳಗೆ ಎರಡು ಚುಚ್ಚುಮಾತು ಆಡಿದ್ದೂ ಉಂಟು. ಹೆದ್ದಾರಿ ಹಿಡಿದು, ಶಿಗ್ಗಾಂವಿ ದಾಟಿ, ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದೆವು. ಅವ್ವ ಉಳಿದಳು. ಡೀಸೆಲ್ಲಿನ ರೊಕ್ಕ ಕೊಡಲು ಹೋದರೆ ಆ ಮಹಾನುಭಾವರು, "ಇಂಥಾ ಹೊತ್ತಿಗೆ ಬರದಿದ್ರ ಇದನ್ನ ಯಾತಕ್ಕ ಇಟ್ಕೋಬೇಕ್ರಿ?" ಎಂದರು. ನೈಮಿತ್ತಿಕವೆಂದರೇನು ಎಂಬುದನ್ನು ಯಾವ ಶಾಸ್ತ್ರವೂ ನನಗೆ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಹೀಗಾಗಿ ಕಾರನ್ನು ಬೈಯುವ ಅಧಿಕಾರ ನನಗಿಲ್ಲ. ಓಣಿಗೊಂದೆರಡು ಕಾರು ಇರಲಿ. ಆದರೆ ಮನೆಗೊಂದರಂತೆ ನಿಂತು, ಸಾಲೆಯ ಮಕ್ಕಳು ಕಾಲಿಡಲು ಜಾಗವಿಲ್ಲದಂತೆ ಓಣಿಯನ್ನು ತುಂಬಬೇಕೆ ಎಂಬುದಷ್ಟೇ ನನ್ನ ಮಾತು.

ಆ ರಾತ್ರಿ ಶಿಗ್ಗಾಂವಿ ದಾಟುವಾಗ, ಅಂಥ ಗಾಬರಿಯಲ್ಲಿಯೂ, ನನ್ನ ಮನಸ್ಸು ಒಂದು ಹಳೆಯ ಕಡೆಗೆ ಹೊರಳಿತು. ನಾನು ಪಿ.ಯು. ಓದಿದ್ದು ಅಲ್ಲಿಯೇ, ಹಾಸ್ಟೆಲಿನಲ್ಲಿದ್ದುಕೊಂಡು. ನಮ್ಮದು ಸವಣೂರು. ದೊಡ್ಡಹುಣಸೆಯ ಮರಗಳಿಗೂ ವೀಳ್ಯದೆಲೆಗೂ ಹೆಸರಾದ ಊರು. ಅಪ್ಪ ಎಲೆಯ ವ್ಯಾಪಾರಿ. ವ್ಯಾಪಾರಿ ಎಂಬುದು ದೊಡ್ಡ ಮಾತಾಯಿತು. ತೋಟದವರಿಂದ ಎಲೆ ಕೊಂಡು, ಒದ್ದೆ ಅರಿವೆಯಲ್ಲಿ ಸುತ್ತಿ, ಪೆಂಡಿ ಕಟ್ಟಿ, ಸೈಕಲ್ಲಿನ ಹಿಂದೆ ತಮ್ಮ ತಲೆಗಿಂತ ಎತ್ತರಕ್ಕೆ ಹೇರಿಕೊಂಡು ಸಂತೆಯಿಂದ ಸಂತೆಗೆ ತುಳಿಯುತ್ತಿದ್ದರು. ಒಂದು ದಿನ ಶಿಗ್ಗಾಂವಿಯ ಸಂತೆಗೆ ಬಂದವರು ನನ್ನನ್ನು ನೋಡಿಹೋಗೋಣವೆಂದು, ಹೇರಿದ ಪೆಂಡಿಗಳ ಸಹಿತ ಹಾಸ್ಟೆಲಿನ ಬಾಗಿಲಿಗೆ ಬಂದು ನಿಂತರು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಕೈಯಲ್ಲಿತ್ತು. ನಾನು ಬೇಗ ಬೇಗ ಗಂಟು ಇಸಿದುಕೊಂಡು ಅವರನ್ನು ಕಳುಹಿಸಿದೆ. "ಯಾರಲೇ ಅವರು?" ಎಂದು ಗೆಳೆಯನೊಬ್ಬ ಕೇಳಿದ. "ನಮ್ಮ ಊರವರು" ಎಂದೆ.

ಸುಳ್ಳೇನೂ ಅಲ್ಲ, ಅಪ್ಪ ನಮ್ಮ ಊರವರೇ. ಸತ್ಯದ ಬಟ್ಟೆ ತೊಟ್ಟ ಸುಳ್ಳುಗಳೇ ಬಹಳ ಕಾಲ ಬಾಳುತ್ತವೆ. ಇದು ಸುಮಾರು ಮೂವತ್ತು ವರ್ಷ ಬಾಳಿದೆ.

ತರಗತಿಯಲ್ಲಿ ಕಾದಂಬರಿಯ ಇತಿಹಾಸ ಹೇಳುವಾಗ ನಾನು ಪ್ರತಿ ವರ್ಷ ಗಳಗನಾಥರ ಮಾತು ಎತ್ತುತ್ತೇನೆ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ವೆಂಕಟೇಶ ತಿರಕೊ ಕುಳಕರ್ಣಿಯವರು ನಮ್ಮ ಸೀಮೆಯವರೇ, ವೃತ್ತಿಯಿಂದ ಸಾಲೆಯ ಮಾಸ್ತರರು. ತಾವೇ ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಕನ್ನಡಕ್ಕೆ ಓದುಗರನ್ನು ದೊರಕಿಸಿದರು. ಇದನ್ನು ಹೇಳುವಾಗ ನನ್ನ ದನಿ ತುಂಬಿ ಬರುತ್ತದೆ, ಹುಡುಗರು ಬರೆದುಕೊಳ್ಳುತ್ತಾರೆ. ಪುಸ್ತಕದ ಗಂಟು ಹೊತ್ತವರು ವಂದ್ಯರು, ಎಲೆಯ ಪೆಂಡಿ ಹೊತ್ತವರು 'ನಮ್ಮ ಊರವರು'! ಹೊರೆಯ ತೂಕ ಎರಡು ಕಡೆಗೂ ಒಂದೇ. ಬೇರೆಯಾಗಿದ್ದದ್ದು ನನ್ನ ತಕ್ಕಡಿ.

ಮೊನ್ನೆ ಅಪ್ಪ ಹಾನಗಲ್ಲಿಗೆ ಬಂದರು. ಈಗ ಎಪ್ಪತ್ತೈದು ದಾಟಿದೆ. ಸೈಕಲ್ಲು ಬಿಟ್ಟು ಬಹಳ ವರ್ಷವಾಯಿತು. ಅಂಗಳದಲ್ಲಿದ್ದ ನನ್ನ ಚಕ್ಕಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಗಾಲಿ ಒತ್ತಿ, ವೆಲ್ಡಿಂಗಿನ ಕೀಲುಗಳನ್ನು ಬೆರಳಿನಿಂದ ತಡವಿ ನೋಡಿದರು. ಮೆಚ್ಚುಗೆಯ ಮಾತು ಬಂದೀತೆಂದು ನಾನು ಕಾದೆ. ತಂದೆಯ ದಾರಿಯನ್ನು ಮಗ ಹಿಡಿದನಲ್ಲ ಎಂದು ಅವರಿಗೆ ಸಂತೋಷವಾಗಬೇಕೆಂಬುದು ನನ್ನ ಒಳಗಿನ ಆಸೆ. ಅಪ್ಪ ಅಂದದ್ದು ಇಷ್ಟು: "ನಿನ್ನಷ್ಟು ಪಗಾರ ನನಗ ಬರತಿದ್ರ ನಾ ಯಾಕ ಸೈಕಲ್ ತುಳೀತಿದ್ದೆ ತಮ್ಮಾ? ಕಾರ ತಗೋತಿದ್ದೆ."

ನಾನು ಕಟ್ಟಿದ ತತ್ತ್ವವೆಲ್ಲ ಆ ಒಂದು ಮಾತಿನ ಮುಂದೆ ಗಾಳಿ ಬಿಟ್ಟ ಟಯರಿನಂತಾಯಿತು. ಅಪ್ಪನದು ದಾರಿಯಲ್ಲ, ನಿರುಪಾಯ. ನನ್ನದು ಆಯ್ಕೆ. ಇರುವವನು ಬಿಟ್ಟರೆ ಸರಳತೆ, ಇಲ್ಲದವನು ಬಿಟ್ಟರೆ ಬಡತನ. ಲೋಕ ಒಂದನ್ನು ಹೊಗಳುತ್ತದೆ, ಇನ್ನೊಂದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುವವನನ್ನು ಯಾರಾದರೂ ಪರಿಸರಪ್ರೇಮಿ ಎಂದು ಸನ್ಮಾನಿಸಿದ್ದುಂಟೆ? ಹಿರೇಕೆರೂರಿನ ನನ್ನ ಭಾವ ಗೋವಿನಜೋಳದ ಚೀಲ ಸಾಗಿಸಲು ಪಿಕಪ್ಪು ಗಾಡಿ ಇಟ್ಟಿದ್ದಾನೆ. ಅದು ಅವನ ಹೊಟ್ಟೆಯ ಪ್ರಶ್ನೆ. ಅವನಿಗೆ ನಾನು ಉಪದೇಶ ಮಾಡಹೊರಟರೆ ಅದು ಅಧಿಕಪ್ರಸಂಗವಾದೀತು. ಹೊರೆ ಹೊತ್ತು ದಣಿದವನು ಇಳಿಸಲು ಬಯಸುವುದು ಸಹಜ; ಅವನಿಗೆ 'ಹೊತ್ತುಕೊಂಡೇ ಇರು' ಎನ್ನುವುದು ಕ್ರೌರ್ಯ.

ಹಾಗಾದರೆ ನನ್ನ ಆಯ್ಕೆಗೆ ಅರ್ಥವೇ ಇಲ್ಲವೆ? ಎರಡು ದಿನ ಮನಸ್ಸು ಕುದಿಯಿತು. ಕೊನೆಗೆ ನನಗೆ ತೋರಿದ್ದು ಇದು. ಅಪ್ಪನನ್ನು ದಣಿಸಿದ್ದು ಹೊರೆಯೊಂದೇ ಅಲ್ಲ. ಹೊರೆಯ ಜೊತೆಗೆ ಹೇರಿಕೊಂಡು ಬಂದ ಅವಮಾನವೂ ಹೌದು. ಅದನ್ನು ಹೇರಿದವರು ಯಾರು? ಹಾಸ್ಟೆಲಿನ ಬಾಗಿಲಿನಲ್ಲಿ ನಿಂತಿದ್ದ ನನ್ನಂಥವರು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕಾರು ಕೊಳ್ಳುವ ಶಕ್ತಿಯಿರುವ ಸಂಸಾರಸ್ಥರೇ ಪೆಟ್ಟಿಗೆ ಕಟ್ಟಿದ ಸೈಕಲ್ಲುಗಳಲ್ಲಿ ಮಕ್ಕಳನ್ನು ಕೂಡ್ರಿಸಿಕೊಂಡು ಸಾಲೆಗೆ ಬಿಡುವುದು ಈಗ ವಾಡಿಕೆ. ಅಲ್ಲಿನ ಕ್ರಿಸ್ಟಿಯಾನಿಯ ಎಂಬ ಬಡಾವಣೆಯಲ್ಲಿ 1984ರಲ್ಲಿ ಹುಟ್ಟಿದ ಮೂರು ಗಾಲಿಯ ಪೆಟ್ಟಿಗೆ ಸೈಕಲ್ಲು ಊರ ತುಂಬ ಓಡಾಡುತ್ತದೆ. ಉಳ್ಳವನೂ ಇಲ್ಲದವನೂ ಒಂದೇ ತೆರನ ಗಾಡಿ ತುಳಿಯುವ ಊರಿನಲ್ಲಿ ಅದನ್ನು ನೋಡಿ ಯಾರೂ ಮನುಷ್ಯನ ಬೆಲೆ ಕಟ್ಟಲಾರರು. ಆಯ್ಕೆಯುಳ್ಳವನು ಸಣ್ಣ ಗಾಡಿಯನ್ನು ಆರಿಸಿಕೊಂಡರೆ, ಆಯ್ಕೆಯಿಲ್ಲದವನ ಹೊರೆ ಒಂದು ಕಿಲೊ ಕೂಡ ಇಳಿಯುವುದಿಲ್ಲ. ಆದರೆ ಅದರ ಮೇಲಿನ ಅವಮಾನ ಒಂದಿಷ್ಟು ಇಳಿದೀತು. ಅವನಿಗೆ ರಸ್ತೆಯಲ್ಲಿ ಒಂದಿಷ್ಟು ಜಾಗವೂ ಸಿಕ್ಕೀತು. ಇದು ಪುಣ್ಯವಲ್ಲ, ಹಳೆಯ ಬಾಕಿ ತೀರಿಸುವುದು. ನನ್ನಂಥವನಿಗಂತೂ ಹೌದು.

ಮರುದಿನ ಅಪ್ಪನಿಗೆ ತಾರಕೇಶ್ವರನ ಗುಡಿಗೆ ಹೋಗಬೇಕೆನಿಸಿತು. ಆಟೋ ತರುತ್ತೇನೆ ಎಂದೆ. "ಯಾಕ, ಇದೈತೆಲ್ಲ?" ಎಂದು ಕ್ಯಾರಿಯರು ತೋರಿಸಿದರು. ಜಮಖಾನ ಮಡಚಿ ಹಾಸಿದೆ. ಅಪ್ಪ ಕುಳಿತು ಎರಡೂ ಕೈಯಿಂದ ನನ್ನ ಸೀಟು ಹಿಡಿದುಕೊಂಡರು. ಮೋಟಾರು ಗೊಣಗುತ್ತ ಹೊರಟಿತು. ಜೀವಮಾನವಿಡೀ ಹೊರೆ ತುಳಿದವರನ್ನು ಹೊರೆಯಾಗಿ ಕೂಡ್ರಿಸಿಕೊಂಡು ತುಳಿಯುವಾಗ ಮನಸ್ಸಿಗೆ ಏನೆನಿಸಿತೆಂದು ಇಲ್ಲಿ ಬರೆಯಲಾರೆ. ಕಾಲೇಜಿನ ಗೇಟಿನ ಎದುರಿಗೆ ಹುಡುಗರ ಗುಂಪು ನಿಂತಿತ್ತು. ನಮಸ್ಕಾರ ಮಾಡಿದ ಒಬ್ಬ, ಹಿಂದೆ ಕುಳಿತವರನ್ನು ನೋಡಿ ಕೇಳಿದ: "ಯಾರ್ರಿ ಸರ ಇವರು?"

"ನಮ್ಮಪ್ಪ" ಎಂದೆ. ತುಸು ಗಟ್ಟಿಯಾಗಿಯೇ ಎಂದೆನೆಂದು ಕಾಣುತ್ತದೆ. ಗುಂಪಿನಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು.

ಅಪ್ಪನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಗುಡಿಯ ಹತ್ತಿರ ಬರುವವರೆಗೆ ಸುಮ್ಮನಿದ್ದು, ಇಳಿಯುವಾಗ ಮಾತ್ರ, "ಹಿಂದಿನ ಗಾಲಿಗೆ ಗಾಳಿ ಕಡಿಮಿ ಐತಿ, ಹಾಕ್ಸು" ಎಂದರು.